ಕೀಲಿ ತಿರುಗಿಸಿದ ಮೇಲಿನ ಎರಡು ಸೆಕೆಂಡು

1909ರ ಜುಲೈ 19ರ ಬೆಳಿಗ್ಗೆ ಹ್ಯೂಬರ್ಟ್ ಲಾಥಮ್ ಎಂಬ ಇಪ್ಪತ್ತಾರರ ಯುವಕ ಫ್ರಾನ್ಸಿನ ಕಲೇ ಪಟ್ಟಣದ ಹತ್ತಿರದಿಂದ ವಿಮಾನ ಹತ್ತಿ ಇಂಗ್ಲೆಂಡಿನ ಕಡೆ ಹೊರಟ. ನಡುವಿನ ಕಡಲ್ಗಾಲುವೆಯನ್ನು ವಿಮಾನದಲ್ಲಿ ಮೊದಲು ದಾಟಿದವರಿಗೆ ಲಂಡನ್ನಿನ 'ಡೇಲಿ ಮೇಲ್' ಪತ್ರಿಕೆ ಸಾವಿರ ಪೌಂಡ್ ಬಹುಮಾನ ಇಟ್ಟಿತ್ತು. ಹದಿಮೂರು ಕಿಲೋಮೀಟರಿನಷ್ಟು ಹೋಗಿದ್ದಾಗ ಎಂಜಿನ್ ನಿಂತಿತು. ಲಾಥಮ್ ವಿಮಾನವನ್ನು ಮೆಲ್ಲಗೆ ನೀರಿಗೆ ಇಳಿಸಿದ. ಅದು ಮುಳುಗದೆ ತೇಲಿತು. ಕಾವಲಿಗೆ ಬರುತ್ತಿದ್ದ ಫ್ರೆಂಚ್ ನೌಕಾಪಡೆಯ ಹಡಗು ಹತ್ತಿರವಾಗುವವರೆಗೆ ಆತ ಸಿಗರೇಟು ಸೇದುತ್ತ ಕೂತಿದ್ದ. ಆರು ದಿನಗಳ ಬಳಿಕ ಲೂಯಿ ಬ್ಲೇರಿಯೋ ಕಾಲುವೆ ದಾಟಿ ಬಹುಮಾನ ಗೆದ್ದ. ಜುಲೈ 27ರಂದು ಲಾಥಮ್ ಮತ್ತೆ ಹೊರಟ. ಈ ಸಲ ಡೋವರ್ ದಡ ಕಣ್ಣೆದುರಿಗೇ ಇತ್ತು, ಎಂಜಿನ್ ಮತ್ತೆ ನಿಂತಿತು, ಮತ್ತೆ ನೀರು.

ದೋಣಿ ಎಂಜಿನ್ ಬಗ್ಗೆ ಬರೆಯಲು ಕೂತವನು ವಿಮಾನದ ಕತೆ ಯಾಕೆ ಎತ್ತಿದ ಅಂದರೆ, ಲಾಥಮ್‌ನ ವಿಮಾನದಲ್ಲಿದ್ದದ್ದು ಹುಟ್ಟಿನಲ್ಲಿ ದೋಣಿಯ ಎಂಜಿನ್ನೇ. ಲಿಯೋನ್ ಲವವಾಸ್ಯೋರ್ ಎಂಬ ಫ್ರೆಂಚ್ ಎಂಜಿನಿಯರ್ ಅದನ್ನು ಮಾಡಿದ್ದ. ದುಡ್ಡು ಹಾಕಿದವರ ಮಗಳ ಹೆಸರು ಆಂತ್ವನೆತ್, ಎಂಜಿನ್ನಿಗೂ ಅದೇ ಹೆಸರು. 1904ರ ಹೊತ್ತಿಗೆ ಯುರೋಪಿನ ಪಂದ್ಯದ ದೋಣಿಗಳಲ್ಲಿ ಗೆಲ್ಲುತ್ತಿದ್ದುದು ಹೆಚ್ಚಾಗಿ ಈ ಆಂತ್ವನೆತ್ ಎಂಜಿನ್ನುಗಳು. ಹಗುರವಾಗಿದ್ದವು, ಬಲವಾಗಿದ್ದವು, ಅದಕ್ಕೇ ವಿಮಾನದವರ ಕಣ್ಣು ಬಿತ್ತು. ಇನ್ನೊಂದು ವಿಶೇಷ ಇತ್ತು: ಇದರಲ್ಲಿ ಕಾರ್ಬ್ಯುರೇಟರ್ ಇರಲಿಲ್ಲ. ಸಣ್ಣ ಪಂಪೊಂದು ಪೆಟ್ರೋಲನ್ನು ಅಳೆದು ಒಂದೊಂದು ಸಿಲಿಂಡರಿನ ಒಳವಾಲ್ವಿನ ಬಾಯಿಗೂ ತಳ್ಳುತ್ತಿತ್ತು. ಇವತ್ತು ನಾವು ಫ್ಯುಯೆಲ್ ಇಂಜೆಕ್ಷನ್ ಅನ್ನುವುದು ಇದರ ಮೊಮ್ಮಗ.

ಕಾರ್ಬ್ಯುರೇಟರ್ ಸೋಮಾರಿ ಸಾಧನ. ಗಾಳಿ ಕಿರಿದಾದ ಕೊರಳಿನ ಮೂಲಕ ಒಳಗೆ ನುಗ್ಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ, ಆ ಸೆಳೆತಕ್ಕೆ ಪೆಟ್ರೋಲ್ ತಾನೇ ಎದ್ದು ಬಂದು ಗಾಳಿಯಲ್ಲಿ ಬೆರೆಯುತ್ತದೆ. ಇಂಜೆಕ್ಷನ್ನಿನಲ್ಲಿ ಹಾಗಲ್ಲ, ಯಾರಾದರೂ ಅಳೆಯಬೇಕು, ತಳ್ಳಬೇಕು, ಅದೂ ಕೂದಲೆಳೆಯಂಥ ತೂತಿನ ಮೂಲಕ. ಆ ಕಾಲದ ಪೆಟ್ರೋಲಿನಲ್ಲಿ ಕಸವೂ ಇರುತ್ತಿತ್ತು, ನೀರೂ ಇರುತ್ತಿತ್ತು. ಆಂತ್ವನೆತ್ ಎಂಜಿನ್ನಿನ ಖಾಯಿಲೆ ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತಿತ್ತು: ತೂತು ಕಟ್ಟಿಕೊಳ್ಳುವುದು. ಗೆದ್ದ ಬ್ಲೇರಿಯೋನ ವಿಮಾನದಲ್ಲಿ ಇದ್ದದ್ದು ಮೂರೇ ಸಿಲಿಂಡರಿನ, ಕಾರ್ಬ್ಯುರೇಟರಿನ ಅಂಜಾನಿ ಎಂಜಿನ್. ಶಕ್ತಿ ಅರ್ಧಕ್ಕೆ ಅರ್ಧ, ಆದರೆ ದಡ ಸೇರಿಸಿತು.

ಆಮೇಲೆ ಸುಮಾರು ಎಂಬತ್ತು ವರ್ಷ ಸಣ್ಣ ದೋಣಿಗಳ ಲೋಕ ಇಂಜೆಕ್ಷನ್ನಿನ ತಂಟೆಗೆ ಹೋಗಲಿಲ್ಲ.

ಅದೇ 1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಓಲ್ ಎವಿನ್‌ರೂಡ್ ತನ್ನ ದೋಣಿ ಎಂಜಿನ್ನನ್ನು ಮಾರಾಟಕ್ಕಿಟ್ಟ. ನಾರ್ವೆಯಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ವಿಸ್ಕಾನ್ಸಿನ್ನಿಗೆ ಬಂದವನು, ಕಸುಬಿನಿಂದ ಎರಕದ ಅಚ್ಚು ಮಾಡುವವನು. ಬೇಸಗೆಯ ಒಂದು ಮಧ್ಯಾಹ್ನ ಪ್ರಿಯತಮೆಗೆ ಐಸ್‌ಕ್ರೀಮ್ ತರಲು ಕೆರೆಯುದ್ದ ಹುಟ್ಟು ಹಾಕಿದ, ವಾಪಸು ಬರುವಷ್ಟರಲ್ಲಿ ಅದು ಕರಗಿತ್ತು, ಅದರಿಂದ ಈ ಯೋಚನೆ ಹೊಳೆಯಿತು ಎಂದು ಕಂಪನಿಯ ದಂತಕತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ದೋಣಿಯ ಹಿಂಬದಿಗೆ ಕಚ್ಚಿಸುವ ಎಂಜಿನ್ನನ್ನು ಅವನಿಗಿಂತ ಮೊದಲೇ ಕ್ಯಾಮೆರಾನ್ ವಾಟರ್‌ಮನ್ ಮಾಡಿ ಮಾರುತ್ತಿದ್ದ ಎನ್ನುವುದಂತೂ ದಾಖಲೆಯ ಮಾತು. ಆದರೆ ಹೆಸರು ಉಳಿದದ್ದು ಎವಿನ್‌ರೂಡ್‌ನದು. ಒಂದೂವರೆ ಅಶ್ವಶಕ್ತಿ, 28 ಕೆ.ಜಿ. ತೂಕ, ಒಬ್ಬ ಗಟ್ಟಿ ಆಳು ಹೊತ್ತೊಯ್ಯಬಹುದಾದ ಯಂತ್ರ.

ಚಾಲೂ ಮಾಡಲು ಅದರಲ್ಲಿ ಕೀಲಿಯೂ ಇಲ್ಲ, ಹಗ್ಗವೂ ಇಲ್ಲ. ಮೇಲಿನ ಫ್ಲೈವೀಲಿಗೆ ಒಂದು ಹಿಡಿ. ಅದನ್ನು ಹಿಡಿದು ಗಿರಕಿ ಹೊಡೆಸಿ ಕೈ ಎಳೆದುಕೊಳ್ಳಬೇಕು. ಎಂಜಿನ್ ಹೊತ್ತಿಕೊಂಡರೆ ಹಿಡಿಯೂ ಚಕ್ರದ ಜೊತೆ ತಿರುಗುತ್ತದೆ. ಕೈ ತೆಗೆಯಲು ತಡವಾದರೆ ಬೆರಳಿನ ಗೆಣ್ಣು ಹೋಯಿತು. ಆಡುಮಾತಿನಲ್ಲಿ ಈ ಎಂಜಿನ್ನಿಗೆ ಗೆಣ್ಣು ಮುರುಕ ಎಂಬರ್ಥದ ಅಡ್ಡಹೆಸರೇ ಬಿತ್ತು. ಆದರೂ ಅದರಲ್ಲಿ ಒಂದು ಅನುಕೂಲ ಇತ್ತು, ನಾನು ಈ ಲೇಖನ ಬರೆಯುತ್ತಿರುವುದೇ ಅದಕ್ಕಾಗಿ. ಎಂಜಿನ್ ಏಳದಿದ್ದರೆ ಯಾಕೆ ಏಳಲಿಲ್ಲ ಎನ್ನುವುದು ಅಲ್ಲೇ, ದೋಣಿಯೊಳಗೇ ತಿಳಿಯುತ್ತಿತ್ತು. ಪ್ಲಗ್ ಬಿಚ್ಚಿ ಲೋಹಕ್ಕೆ ತಾಗಿಸಿ ತಿರುಗಿಸಿದರೆ ಕಿಡಿ ಕಾಣುತ್ತದೆ ಅಥವಾ ಕಾಣುವುದಿಲ್ಲ. ಪ್ಲಗ್ ಒದ್ದೆಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಒಣಗಿದ್ದರೆ ಬರುತ್ತಲೇ ಇಲ್ಲ. ಮೂಗಿಗೆ ವಾಸನೆ ಬರುತ್ತದೆ, ಕೈಗೆ ಕಂಪ್ರೆಶನ್ ಸಿಗುತ್ತದೆ. ತಪಾಸಣೆಗೆ ಬೇಕಾದ ಸಲಕರಣೆಯೆಲ್ಲ ಮನುಷ್ಯನ ಮೈಮೇಲೆಯೇ ಇತ್ತು.

ಈ ವಿದ್ಯೆ ಇಂದಿಗೂ ಬದುಕಿರುವ ಜಾಗ ನೋಡಬೇಕೆಂದರೆ ನಮ್ಮ ಕರಾವಳಿಗೆ ಹೋಗಬೇಕು. ಅಲ್ಲಿಯ ನಾಡದೋಣಿಗಳ ಬೆನ್ನಿಗೆ ಇರುವುದು ಹೆಚ್ಚಾಗಿ ಸೀಮೆಎಣ್ಣೆಯ ಎಂಜಿನ್, ಹಗ್ಗ ಎಳೆದು ಎಬ್ಬಿಸುವಂಥದ್ದು. ತಣ್ಣಗಿರುವ ಎಂಜಿನ್ನಿನಲ್ಲಿ ಸೀಮೆಎಣ್ಣೆ ಸುಲಭಕ್ಕೆ ಆವಿಯಾಗುವುದಿಲ್ಲ. ಹಾಗಾಗಿ ಮೊದಲು ಪೆಟ್ರೋಲಿನಲ್ಲಿ ಎಬ್ಬಿಸಿ, ಕಾವೇರಿದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ದಡಕ್ಕೆ ಬರುವ ಮುಂಚೆ ಮತ್ತೆ ಪೆಟ್ರೋಲಿಗೆ ತಂದು ಕೊಳವೆಯಲ್ಲಿ ಉಳಿದ ಸೀಮೆಎಣ್ಣೆಯನ್ನು ಸುಡಿಸಬೇಕು. ಮರೆತರೆ ಮರುದಿನ ಬೆಳಗಿನ ಜಾವ ತೋಳು ಸೋಲುವವರೆಗೆ ಹಗ್ಗ ಎಳೆಯುವುದೇ ಕೆಲಸ. ಪುಸ್ತಕ ಓದಿ ಕಲಿತದ್ದಲ್ಲ ಇದು.

ಇನ್ನು ಕಂಪ್ಯೂಟರ್ ಯಾವಾಗ ಬಂತು? ಎಲೆಕ್ಟ್ರಾನಿಕ್ ಇಂಜೆಕ್ಷನ್ನನ್ನು ಮೊದಲು ಅಂಗಡಿಗೆ ತರಲು ಹೊರಟಿದ್ದು ಅಮೆರಿಕದ ಬೆಂಡಿಕ್ಸ್ ಕಂಪನಿ, 1950ರ ದಶಕದ ಕೊನೆಯಲ್ಲಿ, ಕಾರುಗಳಿಗಾಗಿ. ಕ್ರೈಸ್ಲರ್ 1958ರಲ್ಲಿ ಕೆಲವೇ ಕಾರುಗಳಿಗೆ ಅದನ್ನು ಹಾಕಿತು. ಅಂದಿನ ಎಲೆಕ್ಟ್ರಾನಿಕ್ಸ್ ಬಾನೆಟ್ಟಿನ ಕೆಳಗಿನ ಸೆಕೆಯನ್ನೂ ಅದುರನ್ನೂ ತಾಳುವಂಥದ್ದಲ್ಲ. ಹಾಕಿದ ಕಾರುಗಳಲ್ಲಿ ಹೆಚ್ಚಿನವಕ್ಕೆ ಮತ್ತೆ ಕಾರ್ಬ್ಯುರೇಟರನ್ನೇ ಕೂರಿಸಬೇಕಾಯಿತು. ಆ ಪೇಟೆಂಟುಗಳು ಜರ್ಮನಿಯ ಬಾಷ್ ಕೈಗೆ ಹೋಗಿ, ಟ್ರಾನ್ಸಿಸ್ಟರುಗಳು ಗಟ್ಟಿಯಾದ ಮೇಲೆ, 1967ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಯಶಸ್ವಿಯಾದವು. ದೋಣಿಗೆ ಬರಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಉಪ್ಪುನೀರು ಎಲೆಕ್ಟ್ರಾನಿಕ್ಸಿನ ಪರಮಶತ್ರು ಎನ್ನುವುದು ಮುಂಬಯಿಯಲ್ಲಿ ಸಮುದ್ರದ ಕಡೆ ಕಿಟಕಿಯಿರುವ ಮನೆಯಲ್ಲಿ ಟಿವಿ ಇಟ್ಟವರಿಗೆ ಗೊತ್ತು. 1980ರ ದಶಕದ ಉತ್ತರಾರ್ಧದಲ್ಲಿ ಮರ್ಕ್ಯುರಿ ಕಂಪನಿ ತನ್ನ ದೊಡ್ಡ ಎಂಜಿನ್ನುಗಳಿಗೆ ಇಂಜೆಕ್ಷನ್ ಹಾಕಿತು. ಆಗಿನ್ನೂ ಅದು ಪಂದ್ಯದವರ, ಶೋಕಿಯವರ ವಸ್ತು.

ಎಲ್ಲರಿಗೂ ಅನಿವಾರ್ಯ ಮಾಡಿದ್ದು ಸರ್ಕಾರ. ಹಳೆಯ ಟೂ ಸ್ಟ್ರೋಕ್ ಎಂಜಿನ್ ಕುಡಿದ ಪೆಟ್ರೋಲಿನಲ್ಲಿ ಕಾಲುಭಾಗದಷ್ಟನ್ನು ಉರಿಸದೆಯೇ ನೀರಿಗೆ ಉಗುಳುತ್ತದೆ. 1996ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ದೋಣಿ ಎಂಜಿನ್ನುಗಳು ಉಗುಳುವ ಹೈಡ್ರೋಕಾರ್ಬನ್ನನ್ನು 2006ರೊಳಗೆ ಹಂತಹಂತವಾಗಿ ಶೇ. 75ರಷ್ಟು ಇಳಿಸಬೇಕೆಂದು ನಿಯಮ ಮಾಡಿತು. ಡೆಡ್‌ಲೈನ್ ಬಂತು ಅನ್ನಿ. ನನ್ನ ಕಸುಬಿನವರಿಗೆ ಆ ಶಬ್ದ ಕೇಳಿದರೇ ಹೊಟ್ಟೆಯಲ್ಲಿ ಸಂಕಟ. ಕೆಲವರು ಫೋರ್ ಸ್ಟ್ರೋಕ್ ದಾರಿ ಹಿಡಿದರು. ಸುಜುಕಿ 1990ರ ದಶಕದ ಕೊನೆಗೆ ಇಂಜೆಕ್ಷನ್ ಇರುವ ಫೋರ್ ಸ್ಟ್ರೋಕ್ ದೋಣಿ ಎಂಜಿನ್ ತಂದಿತು. ಮರ್ಕ್ಯುರಿ ಆಸ್ಟ್ರೇಲಿಯಾದ ಆರ್ಬಿಟಲ್ ಕಂಪನಿಯ ತಂತ್ರವನ್ನು ತೆಗೆದುಕೊಂಡಿತು. ಎವಿನ್‌ರೂಡ್ ಹಿಡಿದ ದಾರಿ ಬೇರೆ, ಅದರ ಕತೆ ಸ್ವಲ್ಪ ವಿವರವಾಗಿ ಹೇಳಬೇಕು.

ಆ ಹೊತ್ತಿಗೆ ಎವಿನ್‌ರೂಡ್ ಮತ್ತು ಅದರ ಹಳೆಯ ಪ್ರತಿಸ್ಪರ್ಧಿ ಜಾನ್ಸನ್, ಎರಡೂ ಔಟ್‌ಬೋರ್ಡ್ ಮರೀನ್ ಕಾರ್ಪೊರೇಶನ್ ಅಂದರೆ ಓಎಂಸಿಯ ಬ್ರ್ಯಾಂಡುಗಳು. ಓಎಂಸಿ ಜರ್ಮನಿಯ ಫಿಶ್ಟ್ ಎಂಬ ಸಂಸ್ಥೆಯ ಇಂಜೆಕ್ಟರನ್ನು ಆರಿಸಿತು. ತಂತ್ರ ಸುಂದರವಾದದ್ದು. ವಿದ್ಯುತ್ ಸುರುಳಿಯೊಂದು ಪುಟ್ಟ ಕೊಡತಿಯನ್ನು ಎಳೆದು ಪೆಟ್ರೋಲಿಗೆ ಬಡಿಯುತ್ತದೆ. ಆ ಏಟಿಗೆ ಎದ್ದ ಒತ್ತಡದ ಅಲೆ ಪೆಟ್ರೋಲನ್ನು ನೇರ ಸಿಲಿಂಡರಿನೊಳಗೆ ಸಿಂಪಡಿಸುತ್ತದೆ. ಬೇರೆ ಹೈ ಪ್ರೆಶರ್ ಪಂಪು ಬೇಡ. 150 ಅಶ್ವಶಕ್ತಿಯ ಎಂಜಿನ್ 1997ರ ಮಾದರಿಯಾಗಿ ಮಾರುಕಟ್ಟೆಗೆ ಬಂತು, ಕೀಲಿ ತಿರುಗಿಸಿದರೆ ಕಾರಿನಂತೆ ಏಳುತ್ತದೆ ಎಂಬ ಭರವಸೆಯೊಂದಿಗೆ. ಬಂದ ಮೇಲೆ ದೂರುಗಳು ಶುರುವಾದವು. ನಿಧಾನ ವೇಗದಲ್ಲಿ ಪ್ಲಗ್ಗು ಮಸಿ ಹಿಡಿದು ಎಂಜಿನ್ ಮುಗ್ಗರಿಸುವುದು, ಇನ್ನು ಕೆಲವಲ್ಲಿ ಪಿಸ್ಟನ್ನೇ ಸುಡುವುದು. ಕಂಪನಿ ರಿಪೇರಿ ಕಿಟ್ ಕಳಿಸಿತು, ಪ್ರೋಗ್ರಾಮ್ ಬದಲಿಸಿತು, ವಾರಂಟಿಯ ಖರ್ಚು ಹೊತ್ತಿತು. 2000ನೇ ಇಸವಿ ಡಿಸೆಂಬರ್ 22ರಂದು ಓಎಂಸಿ ದಿವಾಳಿ ಅರ್ಜಿ ಹಾಕಿತು. ಸಾವಿರಾರು ಜನ ಕ್ರಿಸ್‌ಮಸ್ಸಿಗೆ ಮೂರು ದಿನ ಇರುವಾಗ ಮನೆಗೆ ಹೋದರು. ಮುಳುಗಿದ್ದಕ್ಕೆ ಕಾರಣ ಇಂಜೆಕ್ಟರ್ ಒಂದೇ ಅಲ್ಲ, ಸಾಲ ಇತ್ತು, ಮಾಲೀಕತ್ವದ ಏರುಪೇರು ಇತ್ತು. ಆದರೆ ದೋಣಿಯವರ ನೆನಪಿನಲ್ಲಿ ಆ ಕಂಪನಿಯನ್ನು ಮುಳುಗಿಸಿದ್ದು ಫಿಶ್ಟೇ.

ನನಗೆ ಇದರಲ್ಲಿ ಕುತೂಹಲದ ಸಂಗತಿ ಬೇರೊಂದು. ಎವಿನ್‌ರೂಡ್‌ನ ಮೊದಲ ಎಂಜಿನ್ ಕೆಟ್ಟಾಗ ಕೊಂಡವನಿಗೆ ಕಾರಣ ತಿಳಿಯುತ್ತಿತ್ತು. ತೊಂಬತ್ತು ವರ್ಷದ ಬಳಿಕ ಅದೇ ಹೆಸರಿನ ಎಂಜಿನ್ ಕೆಟ್ಟಾಗ ಕೊಂಡವನಿಗೂ ತಿಳಿಯಲಿಲ್ಲ, ಮಾರಿದ ಡೀಲರನಿಗೂ ತಿಳಿಯಲಿಲ್ಲ, ಮಾಡಿದವರೂ ತಡಕಾಡಿದರು. ಉರಿಯುವ ಪೆಟ್ರೋಲಿನ ಲೆಕ್ಕ ಒಂದು ಮುಚ್ಚಿದ ಪೆಟ್ಟಿಗೆಯೊಳಗೆ ಹೋಗಿ ಕೂತಿತ್ತು. ಬೊಂಬಾರ್ಡಿಯೇ ಕಂಪನಿ 2001ರಲ್ಲಿ ಎಂಜಿನ್ ವ್ಯವಹಾರವನ್ನು ಕೊಂಡು, ಅದೇ ತತ್ವವನ್ನು ತಿದ್ದಿ ತೀಡಿ 2003ರಲ್ಲಿ ಇ-ಟೆಕ್ ಎಂಬ ಎಂಜಿನ್ ತಂದಿತು. ಅದು ಒಳ್ಳೆಯ ಎಂಜಿನ್ನೇ. 2020ರಲ್ಲಿ ಆ ತಯಾರಿಕೆಯೂ ನಿಂತು, 111 ವರ್ಷದ ಎವಿನ್‌ರೂಡ್ ಹೆಸರು ಇತಿಹಾಸಕ್ಕೆ ಸೇರಿತು.

ಈಗಿನ ಸಾಮಾನ್ಯ ಫೋರ್ ಸ್ಟ್ರೋಕ್ ದೋಣಿ ಎಂಜಿನ್ನಿನೊಳಗೆ ಪೆಟ್ರೋಲ್ ಹೇಗೆ ಹೋಗುತ್ತದೆ ಅಂತ ಒಮ್ಮೆ ನೋಡಿ. ಟ್ಯಾಂಕಿನಿಂದ ರಬ್ಬರ್ ಕೊಳವೆ, ಅದರ ನಡುವೆ ಕೈಯಲ್ಲಿ ಹಿಂಡುವ ಬಲ್ಬು. ಆಮೇಲೆ ನೀರು ಬೇರ್ಪಡಿಸುವ ಫಿಲ್ಟರು. ಒಂದು ಸಣ್ಣ ಪಂಪು ಅಲ್ಲಿಂದ ಎತ್ತಿ ಎಂಜಿನ್ನಿನ ಮೈಗೇ ಅಂಟಿದ ಲೋಟದಂಥ ಪುಟ್ಟ ತೊಟ್ಟಿಗೆ ತುಂಬುತ್ತದೆ. ಆವಿ ಅಲ್ಲಿ ಬೇರೆಯಾಗುತ್ತದೆ. ತೊಟ್ಟಿಯೊಳಗೆ ಮುಳುಗಿರುವ ವಿದ್ಯುತ್ ಪಂಪು ಒತ್ತಡ ಏರಿಸಿ ಇಂಜೆಕ್ಟರಿಗೆ ಕಳಿಸುತ್ತದೆ. ಕೀಲಿ ಆನ್ ಮಾಡಿದಾಗ, ಎಂಜಿನ್ ತಿರುಗುವ ಮುಂಚೆಯೇ, ಆ ಪಂಪು ಒಂದೆರಡು ಸೆಕೆಂಡು ಗುಂಯ್ ಅಂದು ನಿಲ್ಲುತ್ತದೆ.

ಕಳೆದ ಅಕ್ಟೋಬರಿನಲ್ಲಿ ಮುಂಬಯಿ ಬಂದರಿನ ಆಚೆ ದಡದಲ್ಲಿ ಗೆಳೆಯರೊಬ್ಬರ ದೋಣಿ ಮಳೆಗಾಲ ಕಳೆದ ಮೇಲೆ ಏಳದೆ ಕೂತಿತ್ತು. ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ನೋಡಲು ಬಂದ ಮೆಕ್ಯಾನಿಕ್ ಗಂಗೊಳ್ಳಿಯವರು, ಅರವತ್ತು ದಾಟಿದವರು, ಹುಡುಗನಾಗಿದ್ದಾಗ ಮುಂಬಯಿಗೆ ಬಂದು ದೋಣಿಗಳಲ್ಲೇ ಬೆಳೆದವರು. ನಾನು ಕನ್ನಡ ಅಂತ ಗೊತ್ತಾದ ಮೇಲೆ ಮಾತು ಸಲೀಸಾಯಿತು. ಅವರು ಮೊದಲು ಮುಟ್ಟಿದ್ದು ಎಂಜಿನ್ನನ್ನಲ್ಲ, ಕೆಂಪು ಬಳ್ಳಿಯ ಕ್ಲಿಪ್ಪನ್ನು. ಚಾಲಕ ನೀರಿಗೆ ಬಿದ್ದರೆ ಎಂಜಿನ್ ನಿಲ್ಲಲಿ ಅಂತ ಇರುವ ಬಳ್ಳಿ ಅದು. ಕ್ಲಿಪ್ ಕೂತಿಲ್ಲದಿದ್ದರೆ ಏನು ಮಾಡಿದರೂ ಎಂಜಿನ್ ಏಳದು. "ಅರ್ಧ ಕೇಸು ಇದ್ರಲ್ಲೇ ಮುಗೀತದೆ ಮಾರಾಯ್ರೆ," ಅಂದರು. ಆಮೇಲೆ ಬ್ಯಾಟರಿಗೆ ಮೀಟರ್ ಹಿಡಿದು, ಸ್ಟಾರ್ಟರ್ ತಿರುಗಿಸುತ್ತಿರುವಾಗ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ನೋಡಿದರು. ಸುಮ್ಮನಿರುವಾಗ ಹನ್ನೆರಡೂವರೆ ತೋರಿಸುವ ಮುದಿ ಬ್ಯಾಟರಿ, ಭಾರ ಬಿದ್ದಾಗ ಒಂಬತ್ತಕ್ಕೆ ಕುಸಿಯಬಹುದು. ಆಗ ಸ್ಟಾರ್ಟರ್ ಹೇಗೋ ತಿರುಗುತ್ತದೆ, ಆದರೆ ಕಂಪ್ಯೂಟರ್ ಮಲಗಿಬಿಡುತ್ತದೆ. ಇಲ್ಲಿ ಹನ್ನೊಂದರ ಹತ್ತಿರ ನಿಂತಿತು.

"ಈಗ ಯಾರೂ ಮಾತಾಡ್ಬೇಡಿ," ಅಂತ ಕಿವಿಯನ್ನು ಎಂಜಿನ್ನಿಗೆ ಹಚ್ಚಿ ಕೀಲಿ ಆನ್ ಮಾಡಿಸಿದರು. ಗುಂಯ್ ಸದ್ದು ಕೇಳಿತು. ಆ ಎರಡು ಸೆಕೆಂಡಿನಲ್ಲಿ ಫ್ಯೂಸು, ರಿಲೇ, ಪಂಪಿನ ತಂತಿ, ಕಂಪ್ಯೂಟರಿನ ಎಚ್ಚರ, ನಾಲ್ಕಕ್ಕೂ ಹಾಜರಿ ಸಿಕ್ಕಿತು. ಬಲ್ಬು ಹಿಂಡಿದರು, ನಾಲ್ಕೈದು ಹಿಂಡಿಗೆ ಗಟ್ಟಿಯಾಯಿತು. ಅಂದರೆ ಕೊಳವೆಯಲ್ಲಿ ಗಾಳಿ ಸೋರಿಕೆ ಇಲ್ಲ, ತೊಟ್ಟಿ ತುಂಬಿದೆ. ನಮ್ಮ ಆಫೀಸಿನಲ್ಲಿ ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಹತ್ತು ಜನ ಕಾಲ್‌ನಲ್ಲಿ ಕೂತು ಹತ್ತು ಕಡೆ ಕೈ ಹಾಕುವುದನ್ನು ನೋಡಿದವನಿಗೆ, ಈ ಮನುಷ್ಯ ಒಂದು ಸಲಕ್ಕೆ ಒಂದನ್ನೇ ಮುಟ್ಟುತ್ತ, ಮುಟ್ಟಿದ್ದನ್ನು ಪಟ್ಟಿಯಿಂದ ಕಳೆಯುತ್ತ ಹೋಗುವುದನ್ನು ನೋಡುವುದೇ ಒಂದು ಸುಖ. ಕೊನೆಗೆ ತೊಟ್ಟಿಯ ತಳದ ತಿರುಪು ಸಡಿಲಿಸಿ, ಖಾಲಿ ಮಿನರಲ್ ವಾಟರ್ ಬಾಟಲಿಯಲ್ಲಿ ಪೆಟ್ರೋಲ್ ಹಿಡಿದು, ಬೆಳಕಿಗೆ ಎತ್ತಿ ಅಲ್ಲಾಡದಂತೆ ಇಟ್ಟರು. ಐದು ನಿಮಿಷದಲ್ಲಿ ಬಾಟಲಿಯೊಳಗೆ ಗೆರೆ ಎಳೆದಂತೆ ಎರಡು ಪದರ.

ಕೆಳಗಿನ ಪದರ ನೀರು ಮತ್ತು ಎಥನಾಲ್. ಎಥನಾಲ್ ಪೆಟ್ರೋಲಿಗೂ ಸ್ನೇಹಿತ, ನೀರಿಗೂ ಸ್ನೇಹಿತ. ನೀರು ಒಂದು ಮಿತಿ ದಾಟಿದಾಗ ಅದು ಪೆಟ್ರೋಲನ್ನು ಬಿಟ್ಟು ನೀರಿನ ಕೈ ಹಿಡಿದು ತಳಕ್ಕೆ ಇಳಿಯುತ್ತದೆ. ಪಂಪಿನ ಬಾಯಿ ಇರುವುದೂ ತಳದಲ್ಲೇ. ಅಮೆರಿಕದ ದೋಣಿಯವರು ಹತ್ತು ಶೇಕಡಾ ಎಥನಾಲಿನಲ್ಲೇ ಇದನ್ನು ಅನುಭವಿಸಿ, ಇಪ್ಪತ್ತು ವರ್ಷದಿಂದ ಗೊಣಗುತ್ತಿದ್ದಾರೆ. ನಮ್ಮಲ್ಲಿ 2025ರ ಹೊತ್ತಿಗೆ ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಶೇ. 20ಕ್ಕೆ ಏರಿದೆ. ಕಾರಿನ ಟ್ಯಾಂಕ್ ವಾರಕ್ಕೊಮ್ಮೆ ಖಾಲಿಯಾಗುತ್ತದೆ. ದೋಣಿಯ ಟ್ಯಾಂಕ್ ನಾಲ್ಕು ತಿಂಗಳ ಮಳೆಗಾಲವಿಡೀ ಗಾಳಿಗಿಂಡಿ ತೆರೆದುಕೊಂಡು ಕರಾವಳಿಯ ತೇವ ಕುಡಿಯುತ್ತ ಕೂತಿರುತ್ತದೆ. ಲವವಾಸ್ಯೋರ್‌ನ ಎಂಜಿನ್ನಿಗೆ ಕಾಡಿದ ರೋಗವೇ ಇದೂ: ಸಣ್ಣ ತೂತು, ಕೊಳೆತ ಪೆಟ್ರೋಲ್. ಟ್ಯಾಂಕ್ ಬರಿದು ಮಾಡಿ, ಫಿಲ್ಟರ್ ಬದಲಿಸಿ, ಕ್ಯಾನಿನಲ್ಲಿ ಹೊಸ ಪೆಟ್ರೋಲ್ ತಂದು ಸೇರಿಸುವಷ್ಟರಲ್ಲಿ ಮೂರು ಗಂಟೆ ಆಯಿತು. ನಾಲ್ಕನೇ ಯತ್ನಕ್ಕೆ ಎಂಜಿನ್ ಎದ್ದಿತು.

ಅವರ ಚೀಲದಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ. ಇದ್ದಿದ್ದರೂ ಆ ದಿನ ಅದು ಪೆಟ್ರೋಲಿನಲ್ಲಿ ನೀರಿದೆ ಅಂತ ಹೇಳುತ್ತಿರಲಿಲ್ಲ. ಎಂಜಿನ್ನಿನ ಕಂಪ್ಯೂಟರಿಗೆ ತನ್ನ ಸೆನ್ಸರುಗಳು ಹೇಳಿದ್ದಷ್ಟೇ ಗೊತ್ತು. ಆದರೆ ಲ್ಯಾಪ್‌ಟಾಪ್ ಬೇಕೇ ಬೇಕಾಗುವ ಕೇಸುಗಳೂ ಇವೆ. ಕ್ರ್ಯಾಂಕ್‌ಶಾಫ್ಟ್ ಎಲ್ಲಿದೆ ಅಂತ ಹೇಳುವ ಬೆರಳಿನಷ್ಟು ದಪ್ಪದ ಸೆನ್ಸರ್ ಸತ್ತರೆ ಕಿಡಿಯೂ ಇಲ್ಲ, ಸಿಂಪರಣೆಯೂ ಇಲ್ಲ, ಹೊರಗಿನಿಂದ ಏನೂ ಕಾಣಿಸುವುದಿಲ್ಲ. 1990ರ ದಶಕದಿಂದ ಪ್ರತಿ ಕಂಪನಿಯೂ ತನ್ನದೇ ಕೇಬಲ್, ತನ್ನದೇ ಸಾಫ್ಟ್‌ವೇರ್ ಮಾಡಿ ಡೀಲರುಗಳಿಗೆ ಕೊಡುತ್ತ ಬಂದಿದೆ. ಕಾರುಗಳಿಗೆ ಅಮೆರಿಕದಲ್ಲಿ 1996ರಿಂದ ಒಂದೇ ಆಕಾರದ ಸಾಕೆಟ್ ಕಡ್ಡಾಯವಾಯಿತು, ಹಾಗಾಗಿ ಇವತ್ತು ಯಾವ ಗಲ್ಲಿಯ ಗ್ಯಾರೇಜಿನಲ್ಲೂ ಸ್ಕ್ಯಾನರ್ ಇದೆ. ದೋಣಿಗೆ ಆ ಭಾಗ್ಯ ಬರಲಿಲ್ಲ. ಕಂಪ್ಯೂಟರ್ ಬರೆಯುವವರ ಕಡೆಯಿಂದಲೇ ಬಂದವನಾಗಿ ಹೇಳುತ್ತೇನೆ: ಪೆಟ್ಟಿಗೆಯನ್ನು ಮುಚ್ಚಿಡಲು ಉಪ್ಪುನೀರು ಒಂದು ಕಾರಣ, ವ್ಯಾಪಾರ ಇನ್ನೊಂದು, ಎರಡನೆಯದು ಚಿಕ್ಕದೇನಲ್ಲ.

ಮಧ್ಯದ ದಾರಿಗಳೂ ಇದ್ದವು ಅನ್ನಬೇಕು. ಇ-ಟೆಕ್ ಎಂಜಿನ್ನನ್ನು ಬ್ಯಾಟರಿ ಸತ್ತಿದ್ದರೂ ಹಗ್ಗದಿಂದ ಎಬ್ಬಿಸಬಹುದಿತ್ತು. ಜಪಾನಿನ ತೊಹಾತ್ಸು 2000ರ ದಶಕದಲ್ಲಿ ಬ್ಯಾಟರಿಯೇ ಬೇಡದ ಇಂಜೆಕ್ಷನ್ ಎಂಜಿನ್ ಮಾಡಿತು. ಹಗ್ಗ ಎಳೆದಾಗ ಫ್ಲೈವೀಲಿನ ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತೇ ಕಂಪ್ಯೂಟರನ್ನು ಎಚ್ಚರಿಸಿ, ಪೆಟ್ರೋಲ್ ಸಿಂಪಡಿಸಿ, ಕಿಡಿ ಹಾರಿಸುತ್ತದೆ. ಒಂದು ತೋಳೆಳೆತದೊಳಗೆ ಇಷ್ಟೆಲ್ಲ. ಇಂಥವನ್ನು ಮಾಡಿದವರು ನೀರಿನ ಮೇಲೆ ಒಂಟಿಯಾಗಿ ಸಿಕ್ಕಿಬಿದ್ದವನ ಬಗ್ಗೆ ಯೋಚಿಸಿದ್ದಾರೆ ಅನ್ನಿಸುತ್ತದೆ.

ಊರಿನ ನಾಡದೋಣಿಗಳಿಗೂ ಇದು ದೂರದ ಮಾತಲ್ಲ. ಸಬ್ಸಿಡಿಯ ಸೀಮೆಎಣ್ಣೆ ಸಾಲುತ್ತಿಲ್ಲ, ಸಮಯಕ್ಕೆ ಬರುತ್ತಿಲ್ಲ ಎಂದು ಕರಾವಳಿಯ ಮೀನುಗಾರರು ವರ್ಷಗಳಿಂದ ಕೂಗುತ್ತಿದ್ದಾರೆ; ಪೆಟ್ರೋಲ್ ಎಂಜಿನ್ನಿಗೆ ಬದಲಾಗಿ ಎಂಬ ಮಾತು ಕೇಳಿಬರುತ್ತಿದೆ. ಹೊಸ ಎಂಜಿನ್ ಕಡಿಮೆ ಎಣ್ಣೆ ಕುಡಿಯುತ್ತದೆ, ಹೊಗೆ ಕಡಿಮೆ, ತೋಳಿಗೂ ಆರಾಮ. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ದಡದಿಂದ ಎರಡು ತಾಸು ಹೋದ ಮೇಲೆ ಅದು ಏಳದಿದ್ದರೆ, ಹಗ್ಗ ಎಳೆಯುವವನ ಮೂಗು, ಕೈ ಎಷ್ಟು ಕೆಲಸಕ್ಕೆ ಬರುತ್ತವೆ, ಕೇಬಲ್ ಯಾವ ಊರಿನಲ್ಲಿದೆ ಎಂಬ ಲೆಕ್ಕವನ್ನು ಎಂಜಿನ್ ಕೊಡುವವರು ಹಾಕಿದಂತೆ ಕಾಣುವುದಿಲ್ಲ.

ಗಂಗೊಳ್ಳಿಯ ಆ ಮೆಕ್ಯಾನಿಕ್ ಮಾತ್ರ ತಮ್ಮ ಲೆಕ್ಕ ಹಾಕಿಕೊಂಡಿದ್ದಾರೆ. ಕೆಲವು ಎಂಜಿನ್ನುಗಳು ಕೆಟ್ಟಾಗ ದೀಪ ಮಿಣುಕಿಸಿ ಸಂಖ್ಯೆ ಹೇಳುತ್ತವೆ: ಎರಡು ಮಿಣುಕು, ತಡೆದು ಮೂರು ಮಿಣುಕು, ಹೀಗೆ. ಇಷ್ಟು ವರ್ಷ ತಮ್ಮ ಕೈಗೆ ಬಂದ ಎಂಜಿನ್ನುಗಳಲ್ಲಿ ಯಾವ ಮಿಣುಕಿಗೆ ಏನು ಕೆಟ್ಟಿತ್ತು ಎನ್ನುವುದನ್ನು ಅವರು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ಎಣ್ಣೆ ಕಲೆಯ ನಡುವೆ ದುಂಡಾದ ಅಕ್ಷರ, ಎಂಜಿನ್ನಿಗೊಂದು ಪುಟ. ಊರಿನಲ್ಲಿ ಸೋದರಳಿಯ ಇದ್ದಾನಂತೆ, ಈಗಷ್ಟೇ ಎಂಜಿನ್ ಕೆಲಸಕ್ಕೆ ಇಳಿದಿದ್ದಾನಂತೆ. ಹೊಸ ಪುಟ ಬರೆದಾಗೆಲ್ಲ ಫೋಟೋ ತೆಗೆದು ಅವನಿಗೆ ವಾಟ್ಸ್‌ಆ್ಯಪ್ ಮಾಡುತ್ತಾರೆ. ಬಾಟಲಿಯ ಎರಡು ಪದರದ ಫೋಟೋವನ್ನೂ ಅವತ್ತು ಅಲ್ಲೇ ನಿಂತು ಕಳಿಸಿದರು.